ಬಹುಕಾಲದ ವಹಿ
ಪುಣೆಯ ವೈದ್ಯಕೀಯ ಮಹಾವಿದ್ಯಾಲಯಗಳಲ್ಲಿ ಅಭ್ಯಾಸ ಮಾಡುತ್ತಿರುವ ಕನ್ನಡ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಆಯುಷ್ಮಂತರಾದ ಮಿತ್ರರೆ,

ನಿಮ್ಮಲ್ಲಿ ಬಹುಮಂದಿ ಬೆಳಗಾವಿ, ವಿಜಯಪುರ, ಕಲಬುರಗಿಗಳಿಂದಲೂ, ಕೆಲವರು ಕಾರವಾರ ಅಂಕೋಲೆಗಳಿಂದಲೂ, ಮತ್ತೆ ಕೆಲವರು ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುವ ಸೊಲ್ಲಾಪುರ, ಅಕ್ಕಲಕೋಟೆಗಳಿಂದಲೂ ಈ ಊರಿಗೆ ಬಂದವರು. ಪದವಿ ಕೈಗೆ ಬಂದ ಮೇಲೆ ಎಲ್ಲರೂ ಅಲ್ಲದಿದ್ದರೂ ಹಲವರಾದರೂ ಹುಟ್ಟಿದ ಜಿಲ್ಲೆಗೆ ಮರಳಿ ತಾಲ್ಲೂಕಾಸ್ಪತ್ರೆಯಲ್ಲಿಯೋ ಸ್ವಂತ ದವಾಖಾನೆಯಲ್ಲಿಯೋ ಕುಳಿತು ರೋಗಿಗಳನ್ನು ನೋಡತಕ್ಕವರು. ನಾನು ವೈದ್ಯನಲ್ಲ. ಈ ನಗರದಲ್ಲಿ ಭೌತಶಾಸ್ತ್ರವನ್ನು ಕಲಿಸುತ್ತ ಮುದುಕನಾದ ಒಬ್ಬ ಕನ್ನಡಿಗ. ಆದರೆ ನಿಮ್ಮ ಪಠ್ಯಪುಸ್ತಕದಲ್ಲಿ ಎರಡು ಪುಟಗಳಲ್ಲಿ ಮುಗಿದುಹೋಗುವ ಒಂದು ವಿಷಯ, ಅಂದರೆ ಪರಮಾಣು ಅಪಘಾತವೊಂದು ನಡೆದ ಮೇಲೆ ವಿಕಿರಣವು ಮನುಷ್ಯದೇಹದಲ್ಲಿ ಹತ್ತು, ಇಪ್ಪತ್ತು, ಐವತ್ತು ವರ್ಷಗಳ ತರುವಾಯ ಏನು ಮಾಡುತ್ತದೆ ಎಂಬುದು, ನನ್ನ ಶಾಸ್ತ್ರಕ್ಕಿಂತ ಹೆಚ್ಚಾಗಿ ನಿಮ್ಮ ಲೇಖನಿಯನ್ನು ಅವಲಂಬಿಸಿದೆಯೆಂಬ ನಂಬಿಕೆ ವಯಸ್ಸಾದಂತೆ ನನ್ನಲ್ಲಿ ದೃಢವಾಗಿರುವುದರಿಂದ, ನಿಮ್ಮೆಲ್ಲರನ್ನೂ ಒಟ್ಟಾಗಿ ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಪುಣೆಯಲ್ಲಿ ಪರಮಾಣು ಸ್ಥಾವರವಿಲ್ಲ. ಆದರೂ ಈ ಊರಿಗೂ ವಿಕಿರಣಕ್ಕೂ ಸಂಬಂಧವಿಲ್ಲವೆಂದು ಹೇಳುವಂತಿಲ್ಲ. ದಾಪೋಡಿಯ ಬಳಿಯ ಸೈನ್ಯದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪರಮಾಣು ವಿಪತ್ತಿನಿಂದ ರಕ್ಷಿಸಿಕೊಳ್ಳುವ ಬಗೆಯನ್ನು ಸೈನಿಕರಿಗೆ ಕಲಿಸುತ್ತಾರೆ. ತಳೇಗಾಂವದ ಕಡೆಗೆ ಹೋದರೆ ಸುದುಂಬರೆಯಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ಐದನೆಯ ದಳ ಬೀಡುಬಿಟ್ಟಿದೆ. ಇವರೆಲ್ಲರ ಸಿದ್ಧತೆ ಅಪಘಾತದ ಮೊದಲ ಗಳಿಗೆಗಳಿಗಾಗಿ, ಹೆಚ್ಚೆಂದರೆ ಮೊದಲ ದಿನಗಳಿಗಾಗಿ, ಅದು ಅವಶ್ಯವಾದದ್ದೇ. ಇನ್ನೂ ಹತ್ತಿರದ ಮಾತೊಂದುಂಟು. 2008ರಲ್ಲಿ ಫ್ರಾನ್ಸಿನ ಒಂದು ಕಾರ್ಖಾನೆಯಲ್ಲಿ ಲಿಫ್ಟುಗಳ ಗುಂಡಿಗಳನ್ನು ಜೋಡಿಸುತ್ತಿದ್ದ ಇಪ್ಪತ್ತು ಮಂದಿ ಕೆಲಸಗಾರರು ತಮಗೆ ಗೊತ್ತಿಲ್ಲದೆಯೇ 1ರಿಂದ 3 ಮಿಲಿಸೀವರ್ಟಿನವರೆಗೆ ವಿಕಿರಣಕ್ಕೆ ಒಳಗಾದರೆಂದೂ, ಆ ಗುಂಡಿಗಳ ಉಕ್ಕಿನಲ್ಲಿ ಕೋಬಾಲ್ಟ್-60 ಬೆರೆತಿತ್ತೆಂದೂ ಅಲ್ಲಿನ ಅಧಿಕಾರಿಗಳು ಪತ್ತೆಹಚ್ಚಿ, ಅದರ ಮೂಲವನ್ನು ಹುಡುಕುತ್ತ ಬಂದಾಗ ಜಾಡು ನಮ್ಮ ಬೋರ್‌ಘಾಟಿನ ಬುಡದ ಖೋಪೋಲಿಯ ಎರಕದ ಭಟ್ಟಿಗೆ ಮುಟ್ಟಿತು. ಯಾವುದೋ ಆಸ್ಪತ್ರೆಯ ಅಥವಾ ಕಾರ್ಖಾನೆಯ ಹಳೆಯ ಯಂತ್ರದ ಕೋಬಾಲ್ಟು ಗುಜರಿಯೊಡನೆ ಸೇರಿ ಕರಗಿಹೋದರೆ ಹೀಗಾಗುತ್ತದೆ. ಫ್ರಾನ್ಸಿನ ಇಪ್ಪತ್ತು ಮಂದಿಯ ಲೆಕ್ಕವು ಮಿಲಿಸೀವರ್ಟಿನ ಮಟ್ಟದವರೆಗೆ ನಮಗೆ ತಿಳಿದಿದೆ. ಆದರೆ ಗುಜರಿಯನ್ನು ಹೊತ್ತವನ, ಭಟ್ಟಿಗೆ ಎಸೆದವನ, ಎರಕವನ್ನು ಉಜ್ಜಿ ನಯಗೊಳಿಸಿದವನ ಎದೆಯ ಮೇಲೆ ವಿಕಿರಣವನ್ನು ಅಳೆಯುವ ಬ್ಯಾಡ್ಜು ಇರುವ ಪದ್ಧತಿಯೇ ಇಲ್ಲ. ಪ್ರಪಂಚದ ಎರಡು ತುದಿಗಳಲ್ಲಿ ಒಂದೇ ಲೋಹವನ್ನು ಮುಟ್ಟಿದ ಕೈಗಳಲ್ಲಿ ಕೆಲವಕ್ಕೆ ಲೆಕ್ಕವುಂಟು, ಕೆಲವಕ್ಕೆ ಇಲ್ಲ. ನಾನು ಹೇಳಬೇಕಾದ ವಿಷಯ ಇದರಲ್ಲಿಯೇ ಅಡಗಿದೆ.

ವಿಕಿರಣದ ಪರಿಣಾಮಗಳು ಎರಡು ಬಗೆಯವೆಂಬುದನ್ನು ನೀವು ಓದಿರುವಿರಿ. ಒಂದು, ಪ್ರಮಾಣವು ಬಹಳ ಹೆಚ್ಚಾದಾಗ ದಿನಗಳಲ್ಲಿ ಅಥವಾ ವಾರಗಳಲ್ಲಿ ಕಾಣಿಸಿಕೊಳ್ಳುವ ವಾಂತಿ, ರಕ್ತಕ್ಷಯ, ಚರ್ಮದ ಸುಡುಗಾಯ. 1986ರ ಏಪ್ರಿಲ್ 26ರ ರಾತ್ರಿ ಚೆರ್ನೋಬಿಲ್‌ನಲ್ಲಿ ಈ ವ್ಯಾಧಿಯೆಂದು ಖಚಿತವಾದವರು 134 ಮಂದಿ, ಅವರಲ್ಲಿ ಮೊದಲ ಕೆಲವು ತಿಂಗಳುಗಳಲ್ಲಿಯೇ ಅದರಿಂದ ತೀರಿಕೊಂಡವರು 28 ಮಂದಿ. ವಿಕಿರಣ ತಗುಲಿತೆಂಬುದು ತಿಳಿದಿದ್ದರೆ ಇದನ್ನು ಯಾವ ವೈದ್ಯನೂ ಗುರುತಿಸಬಲ್ಲ. ಎರಡನೆಯದು, ಜೀವಕೋಶದ ಒಳತಿರುಳಿಗೆ ತಗುಲಿದ ಪೆಟ್ಟು ವರ್ಷಾನುಗಟ್ಟಲೆ ಮೌನವಾಗಿದ್ದು ಅರ್ಬುದವಾಗಿ ತಲೆಯೆತ್ತುವುದು. ಈ ಎರಡನೆಯದರ ಸ್ವಭಾವವೇ ವಿಚಿತ್ರವಾದದ್ದು: ವಿಕಿರಣದಿಂದ ಹುಟ್ಟಿದ ಗೆಡ್ಡೆಗೂ ಹೊಗೆಸೊಪ್ಪಿನಿಂದಲೋ ವಯೋಧರ್ಮದಿಂದಲೋ ಹುಟ್ಟಿದ ಗೆಡ್ಡೆಗೂ ಸೂಕ್ಷ್ಮದರ್ಶಕದ ಕೆಳಗೆ ಸಾಮಾನ್ಯವಾಗಿ ಭೇದವೇ ಕಾಣದು. ನೂರು ಮಂದಿ ತಲಾ 100 ಮಿಲಿಸೀವರ್ಟ್ ವಿಕಿರಣವನ್ನು ಪಡೆದರೆ, ಅವರ ಜೀವಮಾನದಲ್ಲಿ ಆ ಕಾರಣದಿಂದ ಸುಮಾರು ಒಬ್ಬನಿಗೆ ಅರ್ಬುದವಾಗಬಹುದೆಂದೂ, ಆದರೆ ಅದೇ ನೂರು ಮಂದಿಯಲ್ಲಿ ಬೇರೆ ಕಾರಣಗಳಿಂದಲೇ ಸುಮಾರು 42 ಮಂದಿಗೆ ಆಗುತ್ತದೆಂದೂ ಅಮೆರಿಕದ ವಿಜ್ಞಾನ ಅಕಾಡೆಮಿಯ ಸಮಿತಿಯೊಂದು ತನ್ನ ದೇಶದ ಜನರ ಮಟ್ಟಿಗೆ ಲೆಕ್ಕಹಾಕಿತು. ಆ ನಲವತ್ತಮೂರು ಮಂದಿಯನ್ನು ಸಾಲಾಗಿ ನಿಲ್ಲಿಸಿ ವಿಕಿರಣದವನು ಯಾರೆಂದು ಕೇಳಿದರೆ ಬ್ರಹ್ಮನೂ ಹೇಳಲಾರ. ವ್ಯಕ್ತಿಯಲ್ಲಿ ಅಗೋಚರವಾದದ್ದು ಸಮೂಹದಲ್ಲಿ ಮಾತ್ರ ಗೋಚರವಾಗುತ್ತದೆ. ಸಮೂಹವು ಗೋಚರವಾಗಬೇಕಾದರೆ ಯಾರೋ ಒಬ್ಬರು ಬೇಸರವಿಲ್ಲದೆ, ದಶಕಗಳವರೆಗೆ, ಬರೆದಿಟ್ಟಿರಬೇಕು.

ಹೀಗೆ ಬರೆದಿಟ್ಟ ವಹಿಗಳಲ್ಲಿ ಅತ್ಯಂತ ದೊಡ್ಡದು ಹಿರೋಶಿಮಾ ನಾಗಸಾಕಿಗಳದು. ಅದು ಅಪಘಾತವಲ್ಲ, ಬುದ್ಧಿಪೂರ್ವಕವಾಗಿ ನಡೆಸಿದ ಸಂಹಾರ. ಆದರೂ ಅಪಘಾತಗಳ ವಿಷಯದಲ್ಲಿ ನಾವು ಇಂದು ಆಡುವ ಮಾತುಗಳಲ್ಲಿ ಬಹುಪಾಲು ಅಲ್ಲಿಂದ ಬಂದುವೇ. 1947ರಲ್ಲಿ ಅಮೆರಿಕದವರು ಅಲ್ಲಿ ಅಣುಬಾಂಬ್ ಹಾನಿ ಆಯೋಗವನ್ನು ಸ್ಥಾಪಿಸಿದರು. 1950ರ ಜಪಾನಿನ ಜನಗಣತಿಯಲ್ಲಿ ಬಾಂಬು ಬಿದ್ದಾಗ ಆ ಊರುಗಳಲ್ಲಿದ್ದವರು ಯಾರೆಂದು ಕೇಳಿ ಬರೆದುಕೊಂಡು, ಆ ಪಟ್ಟಿಯಿಂದ ಆಯ್ದ ಬದುಕುಳಿದವರನ್ನೂ ಅಂದು ಊರಲ್ಲಿಲ್ಲದಿದ್ದವರನ್ನೂ ಕೂಡಿಸಿ ಸುಮಾರು 1,20,000 ಜನರನ್ನು ಅವರ ಆಯುಷ್ಯದುದ್ದಕ್ಕೂ ಹಿಂಬಾಲಿಸಲು ತೊಡಗಿದರು. ಆ ಕೆಲಸ ಇಂದಿಗೂ ನಿಂತಿಲ್ಲ. ರಕ್ತದ ಅರ್ಬುದವು ಎರಡು ಮೂರು ವರ್ಷಗಳಲ್ಲಿಯೇ ತಲೆದೋರಿ ಆರೆಂಟು ವರ್ಷಗಳ ಹೊತ್ತಿಗೆ ಶಿಖರವನ್ನು ಮುಟ್ಟಿ ಕ್ರಮೇಣ ಇಳಿಯುತ್ತದೆಂಬುದು, ಸ್ತನ, ಶ್ವಾಸಕೋಶ, ಜಠರ ಮುಂತಾದ ಅವಯವಗಳ ಅರ್ಬುದವಾದರೋ ಸುಮಾರು ಹತ್ತು ವರ್ಷಗಳ ಮೇಲೆ ಏರತೊಡಗಿ ಆ ಜೀವ ಇರುವವರೆಗೂ ಏರಿಯೇ ಇರುತ್ತದೆಂಬುದು, ಎಳೆಯ ವಯಸ್ಸಿನಲ್ಲಿ ಒಳಗಾದವರಿಗೆ ಅಪಾಯ ಹೆಚ್ಚೆಂಬುದು, ಗರ್ಭದ ಎಂಟನೆಯ ವಾರದಿಂದ ಹದಿನೈದನೆಯ ವಾರದೊಳಗೆ ಹೆಚ್ಚು ಪ್ರಮಾಣದ ವಿಕಿರಣ ತಗುಲಿದ ಕೂಸುಗಳ ಮಿದುಳು ಕುಂಠಿತವಾಯಿತೆಂಬುದು, ಇವೆಲ್ಲ ಆ ವಹಿಯಿಂದ ತಿಳಿದುಬಂದವು. ಅಲ್ಲಿಂದಲೇ ತಿಳಿದ ಇನ್ನೊಂದು ಮಾತನ್ನು ಜನ ನಂಬುವುದಿಲ್ಲ: ಬದುಕುಳಿದವರಿಗೆ ಮುಂದೆ ಹುಟ್ಟಿದ ಸುಮಾರು 77,000 ಮಕ್ಕಳನ್ನು ಪರೀಕ್ಷಿಸಿದರೂ, ತಂದೆತಾಯಿಯರಿಂದ ಮಕ್ಕಳಿಗೆ ದೋಷವು ಇಳಿದು ಬಂದಿತೆಂಬುದಕ್ಕೆ ಆಧಾರ ಸಿಕ್ಕಲಿಲ್ಲ.

ಆದರೆ ಈ ಮಹಾಗ್ರಂಥದ ಮೊದಲ ಪಂಕ್ತಿಯನ್ನು ಬರೆದದ್ದು ಆಯೋಗವಲ್ಲ. 1940ರ ದಶಕದ ಕೊನೆಯಲ್ಲಿ ಹಿರೋಶಿಮಾದ ತಾಕುಸೋ ಯಾಮಾವಾಕಿ ಎಂಬ ವೈದ್ಯನು ತನ್ನ ಬಳಿಗೆ ಬರುವ ಮಕ್ಕಳಲ್ಲಿ ರಕ್ತಾರ್ಬುದ ಎಂದಿಗಿಂತ ಹೆಚ್ಚಾಗಿ ಕಾಣುತ್ತಿದೆಯಲ್ಲ ಎಂದು ಶಂಕಿಸಿ ಲೆಕ್ಕವಿಟ್ಟನು. ಆಯೋಗದ ದೃಷ್ಟಿ ಆ ಕಡೆಗೆ ತಿರುಗಿದ್ದು ಆಮೇಲೆ. ನಲವತ್ತು ವರ್ಷಗಳ ತರುವಾಯ ಬೆಲಾರೂಸಿನ ಮಿನ್ಸ್ಕ್ ನಗರದಲ್ಲಿ ಇದೇ ಪ್ರಸಂಗ ಮರುಕಳಿಸಿತು. ಚೆರ್ನೋಬಿಲ್ ಕಳೆದು ನಾಲ್ಕೇ ವರ್ಷಗಳಾಗಿರುವಾಗ ಮಕ್ಕಳ ಥೈರಾಯ್ಡ್ ಗ್ರಂಥಿಯ ಅರ್ಬುದಕ್ಕೆ ಒಂದಾದ ಮೇಲೊಂದು ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂದದ್ದನ್ನು ಅಲ್ಲಿನ ವೈದ್ಯರಾದ ಕಜಕೋವ್, ದೆಮಿದ್ಚಿಕ್, ಅಸ್ತಖೋವಾ ಎಂಬವರು 1992ರಲ್ಲಿ ನೇಚರ್ ಪತ್ರಿಕೆಗೆ ಬರೆದು ತಿಳಿಸಿದಾಗ, ಇಷ್ಟು ಬೇಗ ಹೀಗಾಗುವುದು ಸಾಧ್ಯವಿಲ್ಲವೆಂದು ಪಾಶ್ಚಾತ್ಯ ತಜ್ಞರಲ್ಲಿ ಹಲವರು ತಲೆಯಾಡಿಸಿದರು. ತಜ್ಞರ ಲೆಕ್ಕ ಹಿರೋಶಿಮಾದ ವಹಿಯನ್ನು ನೋಡಿ ಮಾಡಿದ್ದು; ಮಿನ್ಸ್ಕಿನವರ ಲೆಕ್ಕ ಕಣ್ಣೆದುರಿಗಿದ್ದ ಮಗುವಿನ ಕೊರಳನ್ನು ನೋಡಿ ಮಾಡಿದ್ದು. ಕೊನೆಗೆ ಗೆದ್ದದ್ದು ಎರಡನೆಯದು. 1991ರಿಂದ 2015ರವರೆಗೆ, ಅಪಘಾತದ ಕಾಲಕ್ಕೆ ಹದಿನೆಂಟು ತುಂಬಿರದವರಲ್ಲಿ 19,000ಕ್ಕೂ ಮೇಲ್ಪಟ್ಟು ಥೈರಾಯ್ಡ್ ಅರ್ಬುದಗಳು ಆ ಅಪಘಾತದಿಂದ ಪೀಡಿತವಾದ ಪ್ರದೇಶಗಳಲ್ಲಿ ದಾಖಲಾದವೆಂದೂ, ಅವುಗಳಲ್ಲಿ ಸುಮಾರು ಕಾಲುಭಾಗವನ್ನು ವಿಕಿರಣಕ್ಕೆ ಆರೋಪಿಸಬಹುದೆಂದೂ ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ ಹೇಳಿದೆ.

ಈ ಮಕ್ಕಳ ರೋಗ ಬಂದದ್ದು ಹಾಲಿನ ಮೂಲಕ. ಸ್ಥಾವರದಿಂದ ಚಿಮ್ಮಿದ ಅಯೋಡಿನ್-131 ಹುಲ್ಲಿನ ಮೇಲೆ ಕುಳಿತು, ಹುಲ್ಲಿನಿಂದ ಹಸುವಿಗೂ ಹಸುವಿನಿಂದ ಮಗುವಿನ ಕೊರಳಿನ ಗ್ರಂಥಿಗೂ ಸಾಗುತ್ತದೆ. ಅದರ ಅರ್ಧಾಯುಷ್ಯ ಎಂಟೇ ದಿನ. ಎಂದರೆ ಎರಡು ಮೂರು ತಿಂಗಳು ಊರಿನ ಹಾಲನ್ನು ಮಕ್ಕಳಿಗೆ ಕೊಡದಿದ್ದರೆ ಅಪಾಯದ ಬಹುಭಾಗ ಕಳೆಯಿತು. 1957ರಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲಿನಲ್ಲಿ ಸ್ಥಾವರಕ್ಕೆ ಬೆಂಕಿ ಬಿದ್ದಾಗ ಸುತ್ತಲಿನ ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ಚೆಲ್ಲಿಸಿದ್ದರು. 1986ರಲ್ಲಿ ಪೋಲೆಂಡಿನವರು ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಶುದ್ಧ ಅಯೋಡಿನ್ ಕುಡಿಸಿ, ಗ್ರಂಥಿಯು ವಿಷದ ಅಯೋಡಿನನ್ನು ಹೀರುವುದಕ್ಕೆ ಮೊದಲೇ ಅದನ್ನು ತುಂಬಿಸಿದರು. ಸೋವಿಯತ್ ಸರ್ಕಾರವು ಸುದ್ದಿಯನ್ನು ಮುಚ್ಚಿಡುವ ಭರದಲ್ಲಿ ಹಾಲನ್ನು ಸಕಾಲದಲ್ಲಿ ನಿಲ್ಲಿಸಲಿಲ್ಲ. ಆ ಮಕ್ಕಳಲ್ಲಿ ಸತ್ತವರು ಬಹಳ ಕಡಿಮೆ. ಆದರೆ ಕೊರಳಿನ ಮೇಲೆ ಕಲೆಯನ್ನು ಹೊತ್ತು, ಬದುಕಿರುವವರೆಗೂ ಬೆಳಿಗ್ಗೆ ಎದ್ದು ಥೈರಾಕ್ಸಿನ್ ಗುಳಿಗೆ ನುಂಗಬೇಕಾದವರು ಸಾವಿರಾರು. ಸತ್ತವರನ್ನು ಮಾತ್ರ ಎಣಿಸುವ ಪಂಡಿತರು ಈ ಗುಳಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ವೈದ್ಯರ ಅಜ್ಞಾನವೂ ವಿಕಿರಣದಷ್ಟೇ ಕೇಡು ಮಾಡಬಲ್ಲದೆಂಬುದನ್ನು ಹೇಳದಿದ್ದರೆ ನಿಮಗೆ ಬರೆದದ್ದು ವ್ಯರ್ಥ. ಚೆರ್ನೋಬಿಲ್‌ನಿಂದ ಬಲು ದೂರವಿದ್ದ, ವಿಕಿರಣವು ಅತ್ಯಲ್ಪವಾಗಿ ಬಿದ್ದ ಗ್ರೀಸ್ ದೇಶದಲ್ಲಿ, ಕೂಸು ವಿಕಾರವಾಗಿ ಹುಟ್ಟೀತೆಂಬ ಭಯದಿಂದ, ಬಯಸಿ ಪಡೆದ ಸುಮಾರು ಎರಡೂವರೆ ಸಾವಿರ ಗರ್ಭಗಳನ್ನು ತೆಗೆಸಿಕೊಂಡರೆಂದು ಅಲ್ಲಿನ ಸಂಶೋಧಕರು ಮರುವರ್ಷದ ಜನನಗಳ ಇಳಿತವನ್ನು ನೋಡಿ ಅಂದಾಜು ಮಾಡಿದರು. ತಾಯಂದಿರ ಭಯವನ್ನು ನಿವಾರಿಸಬೇಕಾಗಿದ್ದ ವೈದ್ಯರಲ್ಲಿಯೂ ಹಲವರಿಗೆ ಪ್ರಮಾಣದ ಪರಿಜ್ಞಾನವಿರಲಿಲ್ಲ. ಫುಕುಶಿಮಾದಲ್ಲಿ 2011ರ ಮಾರ್ಚಿನಲ್ಲಿ ಸ್ಥಾವರದ ಸಮೀಪದ ಆಸ್ಪತ್ರೆಯೊಂದರಿಂದ ಹಾಸಿಗೆ ಹಿಡಿದ ವೃದ್ಧರನ್ನು ಗಡಿಬಿಡಿಯಲ್ಲಿ ಬಸ್ಸುಗಳಿಗೆ ತುಂಬಿ ಸಾಗಿಸಿದಾಗ ನಲವತ್ತಕ್ಕೂ ಹೆಚ್ಚು ಮಂದಿ ದಾರಿಯಲ್ಲಿಯೂ ಅನಂತರವೂ ಸತ್ತರು. ಆ ಪ್ರಾಂತದಲ್ಲಿ ಮನೆಮಾರು ಬಿಟ್ಟ ಕ್ಲೇಶದಿಂದ ಸತ್ತವರೆಂದು ಸರ್ಕಾರವೇ ಒಪ್ಪಿಕೊಂಡ ಸಂಖ್ಯೆ ಎರಡು ಸಾವಿರವನ್ನು ಮೀರಿತು, ವಿಕಿರಣದಿಂದಲೇ ಆಯಿತೆಂದು ಸಿದ್ಧವಾದ ರೋಗವಾದರೋ ಅಲ್ಲಿನ ಸಾಮಾನ್ಯ ಜನರಲ್ಲಿ ಕಂಡಿಲ್ಲವೆಂದು ವಿಶ್ವಸಂಸ್ಥೆಯ ಸಮಿತಿ ಬರೆಯಿತು. ಅಲ್ಲಿ ಮೂರು ಲಕ್ಷ ಮಕ್ಕಳ ಕೊರಳನ್ನು ಸೂಕ್ಷ್ಮವಾದ ಯಂತ್ರದಿಂದ ಪರೀಕ್ಷಿಸಿದಾಗ ನೂರಕ್ಕೂ ಹೆಚ್ಚು ಅರ್ಬುದಗಳು ಕಂಡವು; ಹುಡುಕಿದ್ದರಿಂದ ಕಂಡವೋ, ವಿಕಿರಣದಿಂದ ಹುಟ್ಟಿದವೋ ಎಂಬ ವಾದ ಬೆಳೆಯಿತು. ಬಹುಮಂದಿ ತಜ್ಞರ ಅಭಿಪ್ರಾಯ ಮೊದಲನೆಯದರ ಕಡೆಗಿದೆ. ನನಗೂ ಹಾಗೆಯೇ ತೋರುತ್ತದೆ. ಆದರೆ ಅಪಘಾತಕ್ಕೆ ಮುನ್ನ ಅಂಥ ಯಂತ್ರದಿಂದ ಆ ಪ್ರಾಂತದ ಮಕ್ಕಳನ್ನೇ ನೋಡಿದ ವಹಿಯೊಂದಿದ್ದಿದ್ದರೆ ವಾದಕ್ಕೆ ಆಸ್ಪದವೇ ಇರುತ್ತಿರಲಿಲ್ಲ.

ಈಗ ಮನೆಯ ಮಾತಿಗೆ ಬರುತ್ತೇನೆ. ಕಾರವಾರ ತಾಲ್ಲೂಕಿನ ಕಾಡಿನಲ್ಲಿ, ಕಾಳೀನದಿಯ ಕದ್ರಾ ಜಲಾಶಯದ ದಡದಲ್ಲಿ ಕೈಗಾ ಸ್ಥಾವರವನ್ನು ಕಟ್ಟಲು ಹೊರಟಾಗ ಶಿವರಾಮ ಕಾರಂತರು ಎಂಬತ್ತೇಳರ ವಯಸ್ಸಿನಲ್ಲಿ, 1989ರಲ್ಲಿ, ಅದೇ ವಿಷಯವನ್ನು ಮುಂದಿಟ್ಟುಕೊಂಡು ಲೋಕಸಭೆಯ ಚುನಾವಣೆಗೆ ನಿಂತು ಸೋತದ್ದೂ, ಹೊನ್ನಾವರದ ಕಾಸರಕೋಡಿನಲ್ಲಿ ಸ್ನೇಹಕುಂಜವನ್ನು ಕಟ್ಟಿದ ವೈದ್ಯೆ ಕುಸುಮಾ ಸೊರಬ ಅವರು ಆ ಚಳವಳಿಯಲ್ಲಿ ಊರೂರು ತಿರುಗಿದ್ದೂ ನಿಮ್ಮ ಹಿರಿಯರಿಗೆ ನೆನಪಿರಬಹುದು. 1994ರ ಮೇ ತಿಂಗಳಲ್ಲಿ, ಕಟ್ಟುತ್ತಿರುವಾಗಲೇ, ಕೈಗಾ ಸ್ಥಾವರದ ಗುಮ್ಮಟದ ಒಳಭಾಗ ಕುಸಿದುಬಿತ್ತು, ಇಂಧನ ತುಂಬಿರದ ಕಾರಣ ವಿಕಿರಣದ ಮಾತು ಬರಲಿಲ್ಲ. ಸ್ಥಾವರದ ವಾಣಿಜ್ಯ ಉತ್ಪಾದನೆ 2000ದಲ್ಲಿ ಮೊದಲಾಯಿತು. ಇಂದು ಅಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿದ್ದು, ಮೊದಲನೆಯದು 2018ರ ಕೊನೆಗೆ 962 ದಿನ ಎಡೆಬಿಡದೆ ನಡೆದು ಲೋಕಪ್ರಸಿದ್ಧವಾಯಿತು.

ಅದೇ ಕೈಗಾದಲ್ಲಿ 2009ರ ನವೆಂಬರ್ 24ರಂದು ಕೆಲಸಗಾರರ ಮೂತ್ರದ ನಿತ್ಯಪರೀಕ್ಷೆಯಲ್ಲಿ ಟ್ರಿಟಿಯಂ ಅಧಿಕವಾಗಿ ಕಂಡಿತು. ಹುಡುಕಿದಾಗ, ಭಾರಜಲವನ್ನು ಯಾರೋ ಕುಡಿಯುವ ನೀರಿನ ಕೂಲರಿಗೆ ಬುದ್ಧಿಪೂರ್ವಕವಾಗಿ ಬೆರೆಸಿದ್ದರೆಂದು ತಿಳಿದುಬಂತು; ಅದನ್ನು ಕುಡಿದವರು ಐವತ್ತಕ್ಕೂ ಹೆಚ್ಚು ಮಂದಿ. ಟ್ರಿಟಿಯಂ ನೀರಿನ ರೂಪದಲ್ಲಿಯೇ ಮೈಯೆಲ್ಲ ಹರಡಿ, ಸುಮಾರು ಹತ್ತು ದಿನಕ್ಕೊಮ್ಮೆ ಅರ್ಧಕ್ಕರ್ಧ ಹೊರಬೀಳುವುದರಿಂದ, ಅವರಿಗೆ ಹೆಚ್ಚು ನೀರು ಕುಡಿಸಿ, ಮೂತ್ರ ಹೆಚ್ಚಿಸುವ ಔಷಧ ಕೊಟ್ಟು ಮನೆಗೆ ಕಳುಹಿಸಿದರು. ಅವರಿಗೆ ಆದ ಪ್ರಮಾಣ ಅಲ್ಪವೆಂಬ ಮಾತನ್ನು ನಾನು ಒಪ್ಪುತ್ತೇನೆ. ಭಯಪಡಿಸುವುದು ನನ್ನ ಉದ್ದೇಶವಲ್ಲ. ಆ ಪರೀಕ್ಷೆ ನಿತ್ಯವೂ ನಡೆಯುತ್ತಿದ್ದುದರಿಂದಲೇ ದುಷ್ಕೃತ್ಯ ಬೆಳಕಿಗೆ ಬಂದಿತೆಂಬುದು ಸ್ಥಾವರದವರ ಹೆಗ್ಗಳಿಕೆಯೇ ಸರಿ. ಆದರೆ ಗುತ್ತಿಗೆದಾರನೊಬ್ಬನ ಕೈಕೆಳಗೆ ಬಂದು, ಕೆಲಸ ಮುಗಿದೊಡನೆ ಇನ್ನೊಂದು ಜಿಲ್ಲೆಗೆ, ಇನ್ನೊಂದು ರಾಜ್ಯಕ್ಕೆ ಹೊರಟುಹೋಗುವ ಆಳಿನ ವಿಷಯ? ಅವನ ಬ್ಯಾಡ್ಜಿನ ಲೆಕ್ಕವು ಮುಂಬಯಿಯ ಭಾಭಾ ಕೇಂದ್ರದ ದಾಖಲೆಯಲ್ಲಿ ಭದ್ರವಾಗಿರುತ್ತದೆ. ಇಪ್ಪತ್ತೈದು ವರ್ಷಗಳ ಮೇಲೆ ಅವನು ಯಾದಗಿರಿಯ ಹಳ್ಳಿಯೊಂದರಿಂದ ನಿಮ್ಮಲ್ಲೊಬ್ಬರ ಮುಂದೆ ಬಂದು ಕುಳಿತಾಗ, ಅವನ ಕೈಯಲ್ಲಿ ಅದರ ಒಂದು ಚೂರೂ ಇರುವುದಿಲ್ಲ. ನೀವೂ ಕೇಳುವುದಿಲ್ಲ. ಮುನ್ನೂರು ವರ್ಷಗಳಿಗೂ ಹಿಂದೆಯೇ ಇಟಲಿಯ ರಾಮಾಝಿನಿ ಎಂಬ ವೈದ್ಯನು ರೋಗಿಯ ಕಸುಬು ಯಾವುದೆಂದು ಕೇಳಬೇಕೆಂದು ವಿಧಿಸಿದನು. ಹಿಂದಿನ ಕಸುಬುಗಳು ಯಾವುವೆಂದೂ ಕೇಳಬೇಕೆಂಬುದನ್ನು ನಾನು ಅದಕ್ಕೆ ಸೇರಿಸುತ್ತೇನೆ.

ಕೈಗಾ ಬಂದ ಮೇಲೆ ಸುತ್ತಮುತ್ತ ಕ್ಯಾನ್ಸರ್ ಹೆಚ್ಚಾಯಿತೆಂದು ಆ ಭಾಗದ ಜನ ಹೇಳುತ್ತಾರೆ; ಹಾಗೇನೂ ಆಗಿಲ್ಲವೆಂದು ಸ್ಥಾವರದವರು ಹೇಳುತ್ತಾರೆ. ಜನರನ್ನು ಮೂಢರೆಂದು ತಳ್ಳಿಹಾಕುವುದು ನನಗೆ ಸೇರದು. ಸ್ಥಾವರದವರೆಲ್ಲ ಸುಳ್ಳುಗಾರರೆಂಬ ಮಾತೂ ಸೇರದು. ಆ ಪ್ರದೇಶದ ಮಣ್ಣು, ನೀರು, ಗಿಡಗಳಲ್ಲಿ ಸಹಜವಾಗಿ ಎಷ್ಟು ವಿಕಿರಣವಿತ್ತೆಂಬುದನ್ನು ಸ್ಥಾವರ ಚಾಲನೆಗೆ ಬರುವ ಮುನ್ನವೇ ಮಂಗಳೂರು ವಿಶ್ವವಿದ್ಯಾಲಯದವರು ಅಳೆದಿಟ್ಟರು. ಅದೊಂದು ಪುಣ್ಯದ ಕೆಲಸ. ಮಣ್ಣಿಗೆ ಸಂದ ಆ ಗೌರವ ಮನುಷ್ಯರಿಗೂ ಸಲ್ಲಬೇಕು: ಯಾವ ಮನೆಯಲ್ಲಿ, ಯಾವ ವಯಸ್ಸಿನಲ್ಲಿ, ಯಾವ ಅವಯವಕ್ಕೆ ರೋಗ ಬಂತೆಂಬುದನ್ನು ಅಷ್ಟೇ ಮುತುವರ್ಜಿಯಿಂದ ಬರೆಯದೆ ಈ ಎರಡು ಹೇಳಿಕೆಗಳಲ್ಲಿ ಯಾವುದನ್ನೂ ತೂಗಲಾಗದು. ಕೇರಳದ ಕರುನಾಗಪ್ಪಳ್ಳಿಯ ಕಡಲತೀರದ ಮರಳಿನಲ್ಲಿ ಥೋರಿಯಂ ಹೇರಳವಾಗಿರುವುದರಿಂದ ಅಲ್ಲಿನವರು ಹುಟ್ಟಿದಂದಿನಿಂದ ಅಧಿಕ ವಿಕಿರಣದಲ್ಲಿಯೇ ಬಾಳುತ್ತಾರೆ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಮನೆಮನೆಗೆ ಹೋಗಿ ಸುಮಾರು ಎಪ್ಪತ್ತು ಸಾವಿರ ಜನರನ್ನು ಹತ್ತು ವರ್ಷಗಳ ಮೇಲೆ ಹಿಂಬಾಲಿಸಿ, ಅರ್ಬುದವು ಅದರಿಂದ ಹೆಚ್ಚಿದ್ದು ಕಾಣಲಿಲ್ಲವೆಂದು 2009ರಲ್ಲಿ ಪ್ರಕಟಿಸಿದರು. ಆ ನಿರ್ಣಯವನ್ನು ಜಗತ್ತು ಗೌರವದಿಂದ ಕಂಡದ್ದಕ್ಕೆ ಕಾರಣ ಅದು ಹಿತಕರವಾಗಿತ್ತೆಂಬುದಲ್ಲ, ಅದರ ಹಿಂದೆ ಮನೆಮನೆಯ ವಹಿಯಿತ್ತೆಂಬುದು.

ಇದು ದೊಡ್ಡ ಸಂಸ್ಥೆಗಳ ಕೆಲಸ, ನಮ್ಮಿಂದೇನಾದೀತು ಎಂದು ನೀವು ಹೇಳಬಹುದು. ಹೇಳುವುದಕ್ಕೆ ಮುನ್ನ ಪುಣೆಯಿಂದ ಬಸ್ಸು ಹಿಡಿದು ಸೊಲ್ಲಾಪುರ ಜಿಲ್ಲೆಯ ಬಾರ್ಶಿಗೆ ಒಮ್ಮೆ ಹೋಗಿಬನ್ನಿ. ನಮ್ಮ ದೇಶದಲ್ಲಿ ಅರ್ಬುದದ ನೋಂದಣಿ ಮೊದಲು ಪಟ್ಟಣಗಳದೇ ಆಗಿತ್ತು: ಮುಂಬಯಿಯಲ್ಲಿ 1960ರ ದಶಕದ ಆದಿಯಲ್ಲಿ, ಈ ನಮ್ಮ ಪುಣೆಯಲ್ಲಿ 1970ರ ದಶಕದಲ್ಲಿ, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ 1980ರ ದಶಕದ ಮೊದಲಲ್ಲಿ ಅದು ಆರಂಭವಾಯಿತು. ಪಟ್ಟಣದಲ್ಲಿ ಆಸ್ಪತ್ರೆಗಳ ಕಡತಗಳನ್ನು ತಿರುವಿದರೆ ಸಾಕು. ಹಳ್ಳಿಯಲ್ಲಿ ರೋಗಿಯು ಆಸ್ಪತ್ರೆಗೇ ಬಾರದೆ ಸಾಯುವುದರಿಂದ ಆ ವಿಧಾನ ಸಾಗದು. 1987ರಲ್ಲಿ ಬಾರ್ಶಿಯಲ್ಲಿ ತೊಡಗಿದ ಗ್ರಾಮೀಣ ನೋಂದಣಿ ನಮ್ಮ ದೇಶಕ್ಕೆ ಮೊದಲನೆಯದು. ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ 346 ಹಳ್ಳಿಗಳಿಗೆ ತರಬೇತಿ ಪಡೆದ ಕ್ಷೇತ್ರಕಾರ್ಯಕರ್ತರು ಮತ್ತೆ ಮತ್ತೆ ಹೋಗಿ, ಊರಿನ ಹಿರಿಯರನ್ನೂ ಸೂಲಗಿತ್ತಿಯರನ್ನೂ ಮಾತನಾಡಿಸಿ, ಮಾಸದ ಹುಣ್ಣು, ಗಂಟು, ನಿಲ್ಲದ ರಕ್ತಸ್ರಾವಗಳು ಯಾರಿಗಿವೆಯೆಂದು ವಿಚಾರಿಸಿ, ಅಂಥವರನ್ನು ಒಲಿಸಿ ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಗೆ ಕರೆತರುವುದು ಅಲ್ಲಿನ ಪದ್ಧತಿ. ಬರೆದುಕೊಳ್ಳುವವನೇ ಚಿಕಿತ್ಸೆಯ ದಾರಿಯನ್ನೂ ತೋರಿಸುತ್ತಾನಾದ್ದರಿಂದ ಮನೆಯವರು ಬಾಗಿಲು ಮುಚ್ಚುವುದಿಲ್ಲ. ಕೆಲವು ಸಾಧಾರಣ ಕಾರ್ಯಕರ್ತರು, ಒಂದು ಸಾಧಾರಣ ಊರು, ದೀರ್ಘವಾದ ತಾಳ್ಮೆ: ಇಷ್ಟೇ ಬಂಡವಾಳ.

ಪುಣೆಗೂ ಕನ್ನಡನಾಡಿಗೂ ಇಂಥ ಸಂಬಂಧ ಹೊಸದೂ ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ ಜನರಿಗೂ ಜ್ವರ ಹಬ್ಬಿದಾಗ, ಆ ರೋಗಾಣುವನ್ನು ಕಂಡುಹಿಡಿದದ್ದು ಐದು ವರ್ಷಗಳ ಹಿಂದಷ್ಟೇ ಈ ಊರಿನಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರ. ಅದರವರು ಸಾಗರದಲ್ಲಿ ಬಿಡಾರ ಹೂಡಿ ವರ್ಷಗಟ್ಟಲೆ ಸತ್ತ ಮಂಗಗಳನ್ನೂ ಉಣ್ಣಿಗಳನ್ನೂ ಎಣಿಸಿದರು. ಅದು ಶೀಘ್ರವಾಗಿ ಕೊಲ್ಲುವ ರೋಗವಾದ್ದರಿಂದ ಎಲ್ಲರ ಗಮನ ಸೆಳೆಯಿತು. ನಿಧಾನವಾಗಿ ಬರುವ ರೋಗಕ್ಕೆ ಆ ಭಾಗ್ಯವಿಲ್ಲ. ಭೋಪಾಲವನ್ನೇ ನೋಡಿ: 1984ರ ಡಿಸೆಂಬರಿನ ವಿಷಾನಿಲ ದುರಂತದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯವರು ಪೀಡಿತರನ್ನು ಹಿಂಬಾಲಿಸಲು ತೊಡಗಿ, 1994ರಲ್ಲಿ ನಿಲ್ಲಿಸಿಬಿಟ್ಟರು. ದೀರ್ಘಕಾಲದ ಪರಿಣಾಮಗಳು ಕಾಣತೊಡಗುವ ಹೊತ್ತಿಗೇ ನೋಡುವವರು ಎದ್ದುಹೋದಂತಾಯಿತು. ಅದೇ ನಗರದಲ್ಲಿ ಪರಿಸರ ಆರೋಗ್ಯದ ರಾಷ್ಟ್ರೀಯ ಸಂಸ್ಥೆಯೊಂದನ್ನು ತೆರೆದದ್ದು 2010ರಲ್ಲಿ. ನಡುವೆ ಕಳೆದುಹೋದ ವರ್ಷಗಳನ್ನು ಯಾವ ಸಂಸ್ಥೆಯೂ ಮರಳಿ ಬರೆಯಲಾರದು.

ಬರೆಯುವುದರಲ್ಲಿಯೂ ಒಂದು ಧರ್ಮವುಂಟು. ಹಿರೋಶಿಮಾದ ಆಯೋಗವು ಬದುಕುಳಿದವರನ್ನು ಪರೀಕ್ಷಿಸಿ ಬರೆದುಕೊಳ್ಳುತ್ತಿತ್ತೇ ಹೊರತು ಚಿಕಿತ್ಸೆ ಮಾಡುತ್ತಿರಲಿಲ್ಲ. ನಮ್ಮನ್ನು ಪ್ರಯೋಗಶಾಲೆಯ ಪ್ರಾಣಿಗಳಂತೆ ಕಂಡರೆಂಬ ಅವರ ಕಹಿ ಎಷ್ಟೋ ವರ್ಷ ಆರಲಿಲ್ಲ. 1957ರಲ್ಲಿ ಜಪಾನ್ ಸರ್ಕಾರವೇ ಕಾನೂನು ಮಾಡಿ, ಬದುಕುಳಿದವರಾಗಿ ಹೆಸರು ನೋಂದಾಯಿಸಿದವರ ಕೈಗೆ ಒಂದು ಆರೋಗ್ಯದ ಕೈಪುಸ್ತಕವನ್ನು ಕೊಟ್ಟಿತು. ಅದನ್ನು ತೋರಿಸಿದರೆ ಕಾಲಕಾಲಕ್ಕೆ ತಪಾಸಣೆ ಉಚಿತ, ಗೊತ್ತುಪಡಿಸಿದ ರೋಗಗಳಿಗೆ ಔಷಧವೂ ಉಚಿತ. ಆಯೋಗದ ವಹಿ ಶಾಸ್ತ್ರವನ್ನು ಬೆಳೆಸಿತು. ಈ ಕೈಪುಸ್ತಕ ಮನುಷ್ಯನನ್ನು ಪೋಷಿಸಿತು. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದು ನನ್ನನ್ನು ಯಾರಾದರೂ ಕೇಳಿದರೆ ನಾನು ಶಾಸ್ತ್ರದ ಅಭಿಮಾನಿಯಾಗಿದ್ದರೂ ಕೈಪುಸ್ತಕವನ್ನೇ ಆರಿಸುತ್ತೇನೆ. ಆದರೆ ಆ ಪುಸ್ತಕವನ್ನು ಪಡೆಯಲು ನಾಚಿ, ಮಗಳ ಮದುವೆ ತಪ್ಪೀತೆಂದು ಹೆದರಿ, ತಾವು ಅಂದು ಆ ಊರಿನಲ್ಲಿದ್ದುದನ್ನೇ ಮುಚ್ಚಿಟ್ಟವರೂ ಅಲ್ಲಿ ಅನೇಕರು. ಜಾತಕವನ್ನೂ ರೋಗವನ್ನೂ ಒಂದೇ ತಕ್ಕಡಿಯಲ್ಲಿಟ್ಟು ಹೆಣ್ಣು ಕೊಡುವ ನಮ್ಮ ಕಡೆಯಲ್ಲಿ ಇದು ಹೇಗಾದೀತೆಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಬರೆದದ್ದನ್ನು ಗುಟ್ಟಾಗಿಡುವುದೂ, ವಿಕಿರಣವು ಅಂಟುಜಾಡ್ಯವಲ್ಲವೆಂದೂ ಮಕ್ಕಳಿಗೆ ದೋಷ ಇಳಿದದ್ದು ಮನುಷ್ಯರಲ್ಲಿ ಕಂಡುಬಂದಿಲ್ಲವೆಂದೂ ಬೀಗರ ಎದುರಿಗೂ ಧೈರ್ಯವಾಗಿ ಹೇಳುವುದೂ ನಿಮ್ಮ ಕರ್ತವ್ಯದಲ್ಲಿ ಸೇರಿದ್ದು.

ದೊಡ್ಡ ಸ್ಥಾವರ ಒಡೆದಾಗ ಮಾತ್ರ ಈ ಕೆಲಸ ಬೀಳುವುದೆಂದು ತಿಳಿಯಬೇಡಿ. 1987ರಲ್ಲಿ ಬ್ರಜಿಲಿನ ಗೋಯಾನಿಯಾದಲ್ಲಿ ತೊರೆದುಹೋದ ಚಿಕಿತ್ಸಾಲಯದ ಯಂತ್ರವನ್ನು ಗುಜರಿಯವರು ಬಿಚ್ಚಿ, ಅದರೊಳಗಿನ ಹೊಳೆಯುವ ಸೀಸಿಯಂ ಪುಡಿಯನ್ನು ಮನೆಮಕ್ಕಳಿಗೆ ಹಂಚಿದರು. ನಾಲ್ವರು ಸತ್ತರು, 249 ಮಂದಿಯ ಮೈಗೆ ಅದು ಅಂಟಿತ್ತು, ಪರೀಕ್ಷೆಗೆ ಸಾಲುನಿಂತವರು ಒಂದು ಲಕ್ಷ ಹನ್ನೆರಡು ಸಾವಿರ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ, ವಿಶ್ವವಿದ್ಯಾಲಯದ ಪ್ರಯೋಗಶಾಲೆಯೊಂದರಲ್ಲಿ 1985ರಿಂದ ನಿರುಪಯುಕ್ತವಾಗಿ ಬಿದ್ದಿದ್ದ ಕೋಬಾಲ್ಟ್ ಯಂತ್ರವನ್ನು ಹರಾಜಿನಲ್ಲಿ ಮಾರಿದ ಫಲವಾಗಿ ಗುಜರಿಯ ಆಳೊಬ್ಬ ಸತ್ತು ಹಲವರು ಆಸ್ಪತ್ರೆ ಸೇರಿದರು. ಅವರಲ್ಲಿ ಮೊದಲು ಬಂದವರ ಕೈಯ ಕಪ್ಪು ಚರ್ಮವನ್ನೂ ಉದುರುವ ಕೂದಲನ್ನೂ ನೋಡಿದ ವೈದ್ಯರಿಗೆ ಕಾರಣ ಕೂಡಲೇ ಹೊಳೆಯಲಿಲ್ಲ. ಹೊಳೆಯದಿದ್ದದ್ದು ತಪ್ಪೆಂದು ನಾನು ಹೇಳಲಾರೆ, ಯಾರಿಗೆ ತಾನೆ ಹೊಳೆದೀತು! ಬದುಕಿ ಮನೆಗೆ ಹೋದವರನ್ನು ಇಪ್ಪತ್ತು ಮೂವತ್ತು ವರ್ಷ ನೋಡುತ್ತಿರಬೇಕಾದವರು ಯಾರೆಂಬುದು ನನ್ನ ಪ್ರಶ್ನೆ. ನಿಮ್ಮಲ್ಲಿ ಹೃದ್ರೋಗ ತಜ್ಞರಾಗುವವರಿಗೆ ಇಂಥ ವಹಿಗಳನ್ನು ಗೌರವಿಸಲು ಇನ್ನೊಂದು ಸ್ವಾರ್ಥದ ಕಾರಣವೂ ಉಂಟು: ಚೆರ್ನೋಬಿಲನ್ನು ಶುಚಿಮಾಡಲು ಹೋದವರ ಕಣ್ಣುಗಳಲ್ಲಿ ಮೊದಲು ಎಣಿಸಿದ್ದಕ್ಕಿಂತ ಅಲ್ಪಪ್ರಮಾಣಕ್ಕೇ ಪೊರೆ ಬಂದುದನ್ನು ವಹಿಗಳು ತೋರಿಸಿದ್ದೂ ಒಂದು ಕಾರಣವಾಗಿ, 2011ರಲ್ಲಿ ಅಂತರರಾಷ್ಟ್ರೀಯ ವಿಕಿರಣರಕ್ಷಣ ಆಯೋಗವು ಕಣ್ಣಿನ ವಾರ್ಷಿಕ ಮಿತಿಯನ್ನು 150 ಮಿಲಿಸೀವರ್ಟಿನಿಂದ 20ಕ್ಕೆ ಇಳಿಸಿತು. ಕ್ಯಾಥ್‌ಲ್ಯಾಬಿನಲ್ಲಿ ಸೀಸದ ಕನ್ನಡಕವನ್ನು ಹಾಕಿಕೊಳ್ಳುವಾಗ ಆ ಅನಾಮಧೇಯ ಕೆಲಸಗಾರರ ಋಣ ನಿಮ್ಮ ಮೂಗಿನ ಮೇಲಿರುತ್ತದೆ.

ನಾನು ಕೇಳುವುದು ಅಲ್ಪವಾದದ್ದು. ಎಲ್ಲಿಗೇ ಹೋಗಿ ನೆಲೆಸಿದರೂ ದವಾಖಾನೆಯಲ್ಲಿ ಒಂದು ಗಟ್ಟಿರಟ್ಟಿನ ವಹಿಯನ್ನಿಡಿರಿ. ಅರ್ಬುದವೆಂದು ಖಚಿತವಾದ ಪ್ರತಿಯೊಬ್ಬ ರೋಗಿಯ ಊರು, ಹುಟ್ಟಿದ ವರ್ಷ, ರೋಗದ ಸ್ಥಾನ, ಇದುವರೆಗೆ ಮಾಡಿದ ಕಸುಬುಗಳೆಲ್ಲ, ಕೆಲಸಕ್ಕೆ ಹೋದ ಊರುಗಳು, ಬೀಡಿ ತಂಬಾಕುಗಳ ಚಾಳಿ, ಇವನ್ನು ಬರೆಯಿರಿ. ಸ್ಥಾವರದಲ್ಲಿಯೋ ಗುಜರಿಯಲ್ಲಿಯೋ ಎರಕದ ಭಟ್ಟಿಯಲ್ಲಿಯೋ ದುಡಿದವರಾದರೆ ಅದನ್ನು ಕೆಂಪುಶಾಯಿಯಲ್ಲಿ ಬರೆದು, ಅದರದೊಂದು ಪ್ರತಿಯನ್ನು ಅವರ ಕೈಗೇ ಕೊಡಿರಿ. ಜಿಲ್ಲೆಯಲ್ಲಿ ನೋಂದಣಿ ಕೇಂದ್ರವಿದ್ದರೆ ಅಲ್ಲಿಗೆ ಕಳುಹಿಸಿರಿ. ಇಲ್ಲದಿದ್ದರೆ ಬರುವವರೆಗೆ ಕಾಪಾಡಿರಿ. ಊರು ಬಿಡುವಾಗ ಕುರ್ಚಿಯೊಡನೆ ವಹಿಯನ್ನೂ ಮುಂದಿನವರಿಗೆ ಒಪ್ಪಿಸಿರಿ. ಕೈಗಾದಲ್ಲಿ ತಲಾ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳು ಬರಲಿವೆ. ಆದ್ದರಿಂದ ಕಾರವಾರ, ಯಲ್ಲಾಪುರ, ಜೋಯಿಡಾ, ಅಂಕೋಲೆಗಳಿಗೆ ಹೋಗುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಬಾರ್ಶಿಯವರಿಂದ ಅವರ ಪ್ರಶ್ನಾವಳಿಯನ್ನು ಕೇಳಿ ತರುವುದೂ, ಅದನ್ನು ಮರಾಠಿಯಿಂದ ಆ ಕಡೆಯ ಕನ್ನಡಕ್ಕೆ ತಿರುಗಿಸುವುದೂ, ಕೊಂಕಣಿ ಬಲ್ಲವರಿಂದ ತಿದ್ದಿಸುವುದೂ, ಮೊದಲ ವಹಿಗಳ ಖರ್ಚೂ ನನಗಿರಲಿ.

ಇತಿ,
ನಿಮ್ಮ ಶ್ರೇಯಸ್ಸನ್ನು ಬಯಸುವ
ಪುಣೆಯ ಒಬ್ಬ ಹಳೆಯ ಉಪಾಧ್ಯಾಯ